ಬ್ಯಾಡ್ಜ್ ಹೋದರೇನು, ಮರ ಮಾತಾಡುತ್ತೆ!

ಮೊದಲು ಒಂದು ವಿಚಿತ್ರ ಲೆಕ್ಕ ಕೇಳಿ. 1964ರ ಫೆಬ್ರವರಿ 9ರ ರಾತ್ರಿ ಅಮೆರಿಕದ ಟಿ.ವಿ.ಯಲ್ಲಿ ಎಡ್ ಸಲಿವನ್ ಷೋ. ಇಂಗ್ಲೆಂಡಿನಿಂದ ಬಂದ ಬೀಟಲ್ಸ್ ತಂಡದ ನಾಲ್ವರು ಹುಡುಗರು ಹಾಡಿದರು. ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ! ಹಿಂದೆ ಕೂತ ರಿಂಗೋ ಸ್ಟಾರ್ ಕಾಲಲ್ಲಿ ಪೆಡಲ್ ಒತ್ತಿ ಬಾರಿಸುತ್ತಿದ್ದ ದೊಡ್ಡ ಡ್ರಮ್ಮಿದೆಯಲ್ಲ, ಅದೇ ಬಾಸ್ ಡ್ರಮ್. ಅದರ ಮುಖದ ಮೇಲೆ ತಂಡದ ಹೆಸರು, ಅದರ ಮೇಲೆ 'ಲಡ್ವಿಗ್' ಅಂತ ಕಂಪನಿ ಹೆಸರು. ಅದೇ ವರ್ಷ ಬಂದ 'ಎ ಹಾರ್ಡ್ ಡೇಸ್ ನೈಟ್' ಚಿತ್ರ ನೋಡಿದವರಿಗೂ ಈ ಬರಹ ಚೆನ್ನಾಗಿ ಗೊತ್ತು.

ಆ ರಾತ್ರಿಯ ಹೆಡ್, ಅಂದರೆ ಹೆಸರು ಬರೆದ ಮುಂಭಾಗದ ಆ ಒಂದು ಹಾಳೆ, 2015ರಲ್ಲಿ ಹರಾಜಾಯಿತು. 20 ಲಕ್ಷ ಡಾಲರಿಗೂ ಮೇಲೆ! ಅದೇ ವರ್ಷ ರಿಂಗೋ 1963ರಲ್ಲಿ ಲಂಡನ್ನಿನ ಡ್ರಮ್ ಸಿಟಿ ಅಂಗಡಿಯಿಂದ ತಂದ ಮೊದಲ ಲಡ್ವಿಗ್ ಸೆಟ್ಟೂ ಹರಾಜಿಗೆ ಬಂತು. ಅದೂ 20 ಲಕ್ಷ ಡಾಲರಿಗೂ ಮೇಲೆ. ಎರಡನ್ನೂ ಕೊಂಡವರು ಒಬ್ಬರೇ, ಅಮೆರಿಕದ ಶ್ರೀಮಂತ ಜಿಮ್ ಇರ್ಸೆ. ಹೆಸರು ಬರೆದ ಒಂದು ಹಾಳೆಗೂ ಇಡೀ ಸೆಟ್ಟಿಗೂ ಹೆಚ್ಚುಕಮ್ಮಿ ಒಂದೇ ಬೆಲೆ. ಏನಂತೀರಿ?

ಹೆಸರಿಗೆ ಇಷ್ಟು ಬೆಲೆಯಿದ್ದರೆ ಹೆಸರು ಕಳಕೊಂಡ ಡ್ರಮ್ಮಿನ ಗತಿ ಏನು? ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಬೆಂಗಳೂರಿನ ಒಂದು ಹಳೇ ಮನೆಯ ಅಟ್ಟದ ಕೆಳಗೆ.

ಅಲ್ಲಿರುವವರು ಆರ್ಕೆಸ್ಟ್ರಾದಲ್ಲಿ ಮೂವತ್ತು ವರ್ಷ ಡ್ರಮ್ ಬಾರಿಸಿದವರು. ಎಲ್ಲರಿಗೂ ಅವರು 'ಮಾಸ್ಟ್ರು'. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ಮನೆ... ಅವರು ಬಾರಿಸದ ಕಡೆ ಇಲ್ಲ. ಈಗ ಕೈ ನಡುಗುತ್ತೆ, ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನಿಗೆ ದುಡ್ಡು ಬೇಕು. ಹಳೇ ವಾದ್ಯ ಕೊಳ್ಳುವವನೊಬ್ಬ ಬಂದು ಬಾಸ್ ಡ್ರಮ್ ನೋಡಿ, "ಬ್ಯಾಡ್ಜೇ ಇಲ್ಲ ಸಾರ್. ಲೋಕಲ್ ಪ್ಲೈವುಡ್ಡು. 4,000 ಕೊಡ್ತೀನಿ" ಅಂದನಂತೆ. ಹಳೇ ಆರ್ಕೆಸ್ಟ್ರಾಗಳ ಬಗ್ಗೆ ಬರೆಯೋಕೆ ಅಂತ ನಾನು ಹೋದಾಗ ಮಾಸ್ಟ್ರು ಅದನ್ನೇ ಹೇಳಿಕೊಂಡರು.

"1978ರಲ್ಲಿ ಹೋಟೆಲ್ ಬ್ಯಾಂಡಿನ ಆಂಗ್ಲೋ-ಇಂಡಿಯನ್ ಒಬ್ಬರು ಆಸ್ಟ್ರೇಲಿಯಾಕ್ಕೆ ಹೋಗುವಾಗ ಕೊಟ್ಟು ಹೋದ್ರಪ್ಪ. ಲಡ್ವಿಗ್ ಅಂತ್ಲೇ ಕೊಟ್ರು. ಬ್ಯಾಡ್ಜೂ ಇತ್ತು. ಒಂದ್ಸಲ ಪ್ರೋಗ್ರಾಮಿಗೆ ಅಂತ ಬೇರೆ ತಂಡದವರು ತಗೊಂಡು ಹೋದ್ರು. ವಾಪಸ್ ಬಂದಾಗ ಬ್ಯಾಡ್ಜ್ ಇಲ್ಲ. ಅವರದೊಂದು ಲೋಕಲ್ ಡ್ರಮ್ಮಿಗೆ ಅದನ್ನ ಹೊಡೆದುಕೊಂಡಿದ್ರು!"

ನೋಡಿದಿರಾ? ಬ್ಯಾಡ್ಜ್ ಒಂದು ಕಡೆ, ಡ್ರಮ್ ಒಂದು ಕಡೆ. ಎಲ್ಲೋ ಒಂದು ಲೋಕಲ್ ಪೆಟ್ಟಿಗೆ ಲಡ್ವಿಗ್ ಅಂತ ಮೆರೆಯುತ್ತಿದೆ. ನಿಜವಾದದ್ದು ಗುಜರಿ ರೇಟಿಗೆ ಕೂತಿದೆ. ಆದರೆ ಮಾಸ್ಟ್ರ ಮಾತೊಂದನ್ನೇ ನಂಬಿ ಕೊಳ್ಳುವವನು ದುಡ್ಡು ಬಿಚ್ಚುತ್ತಾನಾ? ಸಾಕ್ಷಿ ಬೇಕಲ್ಲ!

ಸಾಕ್ಷಿ ಇರುವುದು ಶೆಲ್ಲಿನಲ್ಲಿ, ಅಂದರೆ ಡ್ರಮ್ಮಿನ ಮರದ ಮೈಯಲ್ಲಿ. ಹೇಗೆ ಅಂತೀರಾ? ಸ್ವಲ್ಪ ಚರಿತ್ರೆ ಕೇಳಿ. ಷಿಕಾಗೋದಲ್ಲಿ ವಿಲಿಯಂ ಲಡ್ವಿಗ್ ಮತ್ತು ತಮ್ಮ ಥಿಯೊಬಾಲ್ಡ್ 1909ರಲ್ಲಿ ಕಂಪನಿ ಶುರು ಮಾಡಿದ್ದೇ ಬಾಸ್ ಡ್ರಮ್ಮಿನ ಪೆಡಲ್ಲಿನಿಂದ. 60ರ ದಶಕದಲ್ಲಿ ಅವರ ಶೆಲ್ಲಿಗೆ ಮೂರೇ ಪದರ. ಹೊರಗೆ ಒಂದು, ಒಳಗೆ ಒಂದು ತೆಳು ಹಾಳೆ, ಮೇಪಲ್ ಅಥವಾ ಮಹಾಗನಿ ಮರದ್ದು. ನಡುವೆ ದಪ್ಪಗೆ ಪಾಪ್ಲರ್ ಮರ. ಅಂಟು ಹಾಕಿ ದುಂಡಗೆ ಅಚ್ಚಿನಲ್ಲಿ ಒತ್ತಿ ಕೂರಿಸುತ್ತಿದ್ದರು. ಇಷ್ಟು ತೆಳುವಾದ ಮೈ ದಿನ ಕಳೆದಂತೆ ಸೊಟ್ಟಗಾಗದೆ ಇರುತ್ತಾ? ಅದಕ್ಕೇ ಒಳಗಡೆ ಎರಡೂ ಅಂಚಿಗೆ ಮರದ ಬಳೆಯೊಂದನ್ನು ಅಂಟಿಸುತ್ತಿದ್ದರು. ಮಡಕೆಯ ಕಂಠ ದಪ್ಪಗಿದ್ದ ಹಾಗೆ! 1976ರ ಸುಮಾರಿಗೆ ಕಂಪನಿ ಆರು ಪದರದ ಶೆಲ್ಲಿಗೆ ಬದಲಾಯಿತು. ಮೈಯೇ ಗಟ್ಟಿಯಾದ ಮೇಲೆ ಬಳೆ ಯಾಕೆ? ಬಳೆ ಹೋಯಿತು. ಹಾಗಾಗಿ ಪದರ ಎಣಿಸಿ, ಬಳೆ ನೋಡಿದರೆ ಅರ್ಧ ಜಾತಕ ಸಿಕ್ಕಿದ ಹಾಗೆ.

ಬಿಚ್ಚೋಣ ಮಾಸ್ಟ್ರೇ ಅಂದೆ. ಬಾಸ್ ಡ್ರಮ್ಮಿನ ಸುತ್ತ ಮರದ ಹೂಪನ್ನು ಕೊಕ್ಕೆಗಳು ಹಿಡಿದಿರುತ್ತವೆ. ಕೊಕ್ಕೆಗಳ ಸ್ಕ್ರೂ ಬಿಚ್ಚಿ ಹೆಡ್ ತೆಗೆದೆವು. ಮೊಬೈಲ್ ಟಾರ್ಚ್ ಹಾಕಿ ಅಂಚು ನೋಡಿದರೆ ಸ್ಪಷ್ಟವಾಗಿ ಮೂರು ಗೆರೆ. ಆಚೆ ಈಚೆ ಕೆಂಪಗೆ ತೆಳುವಾದ ಗೆರೆ, ನಡುವೆ ದಪ್ಪಗೆ ಬಿಳಿಚಿಕೊಂಡ ಮರ. ಒಳಗೆ ಬಳೆ ಇತ್ತು. ಬಳೆಯ ಎರಡು ತುದಿ ನೇರವಾಗಿ ಕತ್ತರಿಸಿ ಕೂಡಿಸಿದ್ದಲ್ಲ, ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಿದ್ದು. ಬೆರಳಾಡಿಸಿದರೂ ಜೋಡಣೆ ಗೊತ್ತಾಗುವುದಿಲ್ಲ. ಅಂಚು ಚೂಪಾಗಿಲ್ಲ, ದುಂಡಗಿದೆ. ಹೆಡ್ ಕೂರುವ ಜಾಗ ದುಂಡಗಿದ್ದರೆ ನಾದ ತುಂಬಿಕೊಂಡು ಬರುತ್ತೆ, 'ಧಂ' ಅಂದು ಅಲ್ಲೇ ನಿಲ್ಲುತ್ತೆ. ಚೂಪಾಗಿದ್ದರೆ ಸದ್ದು ಹೊಳಪಾಗಿ, ಉದ್ದಕ್ಕೆ ಎಳೆಯುತ್ತೆ. ಟೇಪ್ ಹಿಡಿದೆವು. 22 ಇಂಚು ಅಡ್ಡಳತೆ, 14 ಇಂಚು ಆಳ. ಆ ಕಾಲದ ಲಡ್ವಿಗ್ ಬಾಸ್ ಡ್ರಮ್ಮಿನ ಮಾಮೂಲಿ ಅಳತೆ.

"ಒಳಗೆ ಏನಾದ್ರೂ ಬರೆದಿದೆಯಾ ನೋಡು ಮರಿ" ಅಂದರು ಮಾಸ್ಟ್ರು. ಒದ್ದೆ ಬಟ್ಟೆಯಲ್ಲಿ ಉಜ್ಜೋಣ ಅಂತ ಅವರ ಮಗ ಬಂದ. ಬೇಡ ಅಂದೆ. ಶಾಯಿ ಅಳಿಸಿ ಹೋದರೆ ಸಾಕ್ಷಿಯೇ ಹೋಯಿತು! ಒಣ ಬ್ರಷ್ಷಿನಲ್ಲಿ ಧೂಳು ಕೊಡವಿದೆವು. ಮೆಲ್ಲಗೆ ಕೆಂಪು ಶಾಯಿಯ ಮೊಹರು ಕಂಡಿತು. 1965ರ ಮಾರ್ಚ್! ಬ್ಯಾಡ್ಜಿನ ಮೇಲಿನ ನಂಬರಿಗಿಂತ ಈ ಮೊಹರೇ ಗಟ್ಟಿ. ಯಾಕೆಂದರೆ ಆ ಕಾರ್ಖಾನೆಯಲ್ಲಿ ನಂಬರು ಹೊಡೆದ ಬ್ಯಾಡ್ಜುಗಳು ಡ್ರಮ್ಮುಗಳಿಗೆ ಕ್ರಮವಾಗಿ ಏರುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು.

ಕೊನೆಗೆ ಸಿಕ್ಕಿದ್ದು ನೋಡಿ ನನಗೇ ಮೈ ಜುಂ ಅಂತು. ಡ್ರಮ್ಮಿನ ಮೈಮೇಲೆ ಗಾಳಿ ಹೋಗೋಕೆ ಒಂದು ಸಣ್ಣ ತೂತು ಇರುತ್ತೆ. ಬ್ಯಾಡ್ಜ್ ಕೂರುವುದೇ ಆ ತೂತಿನ ಸುತ್ತ. ಹೊರಗಿನ ಮುತ್ತಿನ ಬಣ್ಣದ ಹೊದಿಕೆ ಬಿಸಿಲಿಗೆ, ಬೀಡಿ ಹೊಗೆಗೆ ಹಳದಿಯಾಗಿದೆ. ಆದರೆ ತೂತಿನ ಸುತ್ತ ಮಾತ್ರ ಹೊಚ್ಚ ಹೊಸದಾಗಿ ಹೊಳೆಯುವ ಒಂದು ಚೂರು, ಮೇಲೆ ಅಗಲ, ಕೆಳಗೆ ಕಿರಿದು. ಕಲ್ಲಿನ ಕಮಾನಿನ ನೆತ್ತಿಯಲ್ಲಿ ಕೂರಿಸುತ್ತಾರಲ್ಲ, ಆ ಕಲ್ಲಿನ ಆಕಾರ. 60ರ ದಶಕದ ಲಡ್ವಿಗ್ ಬ್ಯಾಡ್ಜಿನ ಆಕಾರವೇ ಅದು. ಕದ್ದವರು ಹಿತ್ತಾಳೆ ಒಯ್ದಿದ್ದರು, ನೆರಳು ಇಲ್ಲೇ ಉಳಿದಿತ್ತು!

ಅಷ್ಟಕ್ಕೇ ಮುಗಿಯಲಿಲ್ಲ. ಫೋಟೋಗಳನ್ನು ನೋಡಿದ ಮೇಲೆ ಕೊಳ್ಳುವವನ ದನಿ ಬದಲಾಯಿತು. ರೇಟೂ ಏರಿತು. ಆದರೆ ಒಂದು ಷರತ್ತು. "ಹೊಸದಾಗಿ ಮಾಡಿದ ಡೂಪ್ಲಿಕೇಟ್ ಬ್ಯಾಡ್ಜ್ ಸಿಗುತ್ತೆ ಸಾರ್. ಒಂದು ಹೊಡೆದುಬಿಡೋಣ. ಬ್ಯಾಡ್ಜ್ ಇದ್ರೆ ಪಾರ್ಟಿ ಕಣ್ಣು ಮುಚ್ಕೊಂಡು ಕೊಡುತ್ತೆ."

ಮಾಸ್ಟ್ರು ನಕ್ಕರು. "ನಲವತ್ತು ವರ್ಷಕ್ಕೂ ಮೇಲೆ ನನ್ನ ಹತ್ರ ಇದೆಯಪ್ಪ. ಈಗ ಇದರ ಮುಖಕ್ಕೆ ಸುಳ್ಳು ಹಚ್ಚಲಾ? ಆ ನೆರಳು ತೋರಿಸಿ ಮಾರು. ನೋಡೋಕೆ ಬರೋನು ಬರ್ತಾನೆ." ಕಣ್ಣಿಗೆ ಪೊರೆ ಬಂದವರು ಹೇಳಿದ ಮಾತಿದು!

ಡ್ರಮ್ಮು ಹೋದದ್ದು ಬ್ಯಾಡ್ಜ್ ಇಲ್ಲದೆಯೇ. ಮೊದಲ ರೇಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಕೊಂಡ ಹುಡುಗ ಹೆಡ್ ತೆಗೆದು, ಅಂಚು ಮುಟ್ಟಿ, ಮೂರು ಗೆರೆ ಎಣಿಸಿ ದುಡ್ಡು ಕೊಟ್ಟ. ಮಾಸ್ಟ್ರ ಆಪರೇಷನ್ನೂ ಆಯಿತು.

ಹಳೇ ಡ್ರಮ್ ಕೊಳ್ಳುವ ಆಸೆಯಿದ್ದರೆ ನೆನಪಿಡಿ. ಬ್ಯಾಡ್ಜ್ ನೋಡಿ ಮರುಳಾಗಬೇಡಿ, ಬ್ಯಾಡ್ಜ್ ಇಲ್ಲವೆಂದು ಬಿಟ್ಟು ಬರಲೂಬೇಡಿ. ಹೆಡ್ ಬಿಚ್ಚಿಸಿ, ಪದರ ಎಣಿಸಿ, ಬಳೆ ನೋಡಿ, ಮೊಹರು ಹುಡುಕಿ. ಬೇಡದ ಕಡೆ ತೂತು ಕೊರೆದು ಮುಚ್ಚಿದ್ದಾರಾ ನೋಡಿ. ಬಿಚ್ಚಲು ಒಪ್ಪದವನ ಹತ್ತಿರ ವ್ಯಾಪಾರ ಬೇಡ.

ಕೊಳ್ಳದವರಿಗೂ ಒಂದು ಮಾತಿದೆ. ಆರ್.ಡಿ. ಬರ್ಮನ್ ಹಾಡುಗಳಿಗೆ ಕುಣಿದ ಎಷ್ಟು ಜನಕ್ಕೆ ಡ್ರಮ್ಮರ್ ಫ್ರಾಂಕೋ ವಾಜ್ ಹೆಸರು ಗೊತ್ತು? ಇಳಯರಾಜಾ ತಂಡದಲ್ಲಿ ವರ್ಷಗಟ್ಟಲೆ ಡ್ರಮ್ ಬಾರಿಸಿದ ಪುರುಷೋತ್ತಮನ್ ಹೆಸರು? ಹಳೇ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಇಂಥವರ ಹೆಸರು ಕಾಣುವುದೇ ಅಪರೂಪ. ಬ್ಯಾಡ್ಜ್ ಇರಲಿಲ್ಲ ಅಷ್ಟೇ, ಧಂ ಅಂದ ಸದ್ದು ಅವರದೇ ಆಗಿತ್ತು. ಮುಂದಿನ ಸಲ ಹಳೇ ಹಾಡು ಕೇಳುವಾಗ ಗಾಯಕರ ದನಿಯ ಕೆಳಗೆ ಕಿವಿ ಇಡಿ. ಹೆಸರಿಲ್ಲದವನೊಬ್ಬ ಅಲ್ಲಿ ಇನ್ನೂ ಬಾರಿಸುತ್ತಲೇ ಇದ್ದಾನೆ.