ಕಾಲು ನೆಲಕ್ಕೆ ತಾಗುವಷ್ಟು

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ಠಾಣೆಯ ಯೇವೂರ್ ಗುಡ್ಡದ ಮಣ್ಣುದಾರಿಯಲ್ಲಿ ನಾನು ಸೈಕಲ್‌ನಿಂದ ಬಿದ್ದೆ. ಜೋರಾಗಿ ಓಡಿಸುವಾಗ ಬಿದ್ದದ್ದಲ್ಲ. ಇಳಿಜಾರಿನ ತಿರುವಿನಲ್ಲಿ ಹೆದರಿ ಬ್ರೇಕ್ ಹಿಡಿದೆ, ಸೈಕಲ್ ನಿಂತಿತು, ಎಡಗಾಲು ಕೆಳಗಿಟ್ಟೆ. ಅಲ್ಲಿ ನೆಲ ಇರಲಿಲ್ಲ. ಅಂದರೆ ಇತ್ತು, ನನ್ನ ಕಾಲಿಗೆ ಎಟುಕುವಷ್ಟು ಹತ್ತಿರ ಇರಲಿಲ್ಲ. ನಿಂತ ಸೈಕಲ್ ಸಮೇತ ಕಡಿದ ಬಾಳೆಯಂತೆ ಮಗುಚಿಕೊಂಡೆ. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್.

ಬೈಕುಲ್ಲಾದ ನಮ್ಮ ಮನೆಯಲ್ಲಿ ಆ ಆರು ವಾರವೂ ಸೈಕಲ್‌ನದೇ ಮಾತು. ಇವರು, "ಯಾರಾದರೂ ಕೇಳಿದರೆ ಕೊಟ್ಟುಬಿಡೋಣ, ಪ್ಯಾಸೇಜಿನಲ್ಲಿ ಜಾಗವಾದರೂ ಆಗುತ್ತದೆ" ಎಂದರು. ಕುಂದಾಪುರದ ಕಡೆಯಿಂದ ಬಂದು ನಲವತ್ತು ವರ್ಷ ಮುಂಬಯಿ ಕಂಡ ಅತ್ತೆ, "ಈ ಪ್ರಾಯದಲ್ಲಿ ಗುಡ್ಡೆ ಹತ್ತುವುದು ಎಂತಕ್ಕೆ ಮಾರಾಯ್ತಿ? ರಾಣಿಬಾಗಿನಲ್ಲಿ ನಡೆದರೆ ಸಾಲದಾ?" ಎಂದರು. ನಾನು ಉತ್ತರ ಕೊಡಲಿಲ್ಲ. ಕೊಡಲು ಧೈರ್ಯವೇ ಇರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ತಿರುವು ಕನಸಿನಲ್ಲಿ ಬರುತ್ತಿತ್ತು.

ನಲವತ್ತನಾಲ್ಕಕ್ಕೆ ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ವ್ಯಾಯಾಮ ಮಾಡಲು ಹೇಳಿದರು. ಸೈಕಲ್ ಹಿಡಿದದ್ದು ಹಾಗೆ. ಬೆಳಗ್ಗೆ ಐದೂವರೆಗೆ ಹೊರಟರೆ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಯುವ ಹೊತ್ತು, ಪಾವ್ ಮಾರುವವರ ಸೈಕಲ್‌ಗಳು ಬೇಕರಿಯಿಂದ ಹೊರಡುವ ಹೊತ್ತು. ಮರೀನ್ ಡ್ರೈವ್ ಮುಟ್ಟಿ ಹಿಂದೆ ಬರುವಷ್ಟರಲ್ಲಿ ಮನೆಯವರು ಏಳುತ್ತಿದ್ದರು. ದಿನದಲ್ಲಿ ಆ ಒಂದು ಗಂಟೆ ನನ್ನದು. ವಾರಕ್ಕೊಮ್ಮೆ ಗೆಳತಿಯ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಯೇವೂರ್. ಇದನ್ನು ಬಿಡುವುದೆಂದರೆ ಬರೀ ಸೈಕಲ್ ಬಿಡುವುದಲ್ಲ ಎಂದು ನನಗೆ ಗೊತ್ತಿತ್ತು.

ಸೀಟಿನೊಂದಿಗೆ ನನ್ನ ಜಗಳ ಹಳೆಯದು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದೇ ಕಲಿತವಳು ನಾನು. ಸೀಟು ದೊಡ್ಡವರದು, ಅದರ ಕೆಳಗಿನ ತ್ರಿಕೋನ ನಮ್ಮದು. ಈಗ ನನ್ನದೇ ಸೈಕಲ್, ನನ್ನದೇ ಸೀಟು. ಆದರೂ ಐದು ಅಡಿ ಒಂದು ಇಂಚಿನವಳಿಗೆ ಸಮಸ್ಯೆ ಅದೇ. ಚೆನ್ನಾಗಿ ತುಳಿಯಬೇಕಾದರೆ ಸೀಟು ಎತ್ತರ ಇರಬೇಕು. ಪೆಡಲು ಕೆಳಗಿದ್ದಾಗ ಮೊಣಕಾಲು ಸ್ವಲ್ಪವಷ್ಟೇ ಬಾಗಿರಬೇಕು. ತಗ್ಗಿಸಿ ತುಳಿದರೆ ಮಂಡಿ ನೋವು. ಇಳಿಜಾರಿನಲ್ಲಿ ಇದು ತಿರುವುಮುರುವು. ಅಲ್ಲಿ ಮೈಯನ್ನು ಹಿಂದಕ್ಕೂ ಕೆಳಕ್ಕೂ ಸರಿಸಬೇಕು, ಎತ್ತರದ ಸೀಟು ಅಡ್ಡ ಬರುತ್ತದೆ, ಮುಗ್ಗರಿಸಿದರೆ ಮುಂದಕ್ಕೇ ಎಸೆಯುತ್ತದೆ. ನಿಂತು, ಕ್ಲ್ಯಾಂಪ್ ಸಡಿಲಿಸಿ, ಸೀಟು ತಗ್ಗಿಸಿ ಹೋಗಬಹುದು. ಆದರೆ ಏರು, ಇಳಿಜಾರು, ಮತ್ತೆ ಏರು ಇರುವ ದಾರಿಯಲ್ಲಿ ಎಷ್ಟು ಸಲ ನಿಲ್ಲುವುದು? ಆ ದಿನ ನಾನು ಮಾಡಿದ್ದು ಆ ಸೋಮಾರಿತನವನ್ನೇ.

ಈ ತಾಪತ್ರಯ ನನ್ನೊಬ್ಬಳದಲ್ಲ. ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಮೌಂಟನ್ ಬೈಕ್ ಶುರುವಾದ ಕಾಲದಲ್ಲೇ ಜೋ ಬ್ರೀಝ್ ಮತ್ತು ಜೋಷ್ ಏಂಜೆಲ್ ಎಂಬವರು ಸೀಟಿನ ಕಂಬಕ್ಕೆ ಒಂದು ಸ್ಪ್ರಿಂಗ್ ಕಟ್ಟಿ 'ಹೈಟ್-ರೈಟ್' ಎಂದು ಮಾರಿದ್ದರು. ಈಗಿನದು ಡ್ರಾಪರ್ ಸೀಟ್‌ಪೋಸ್ಟ್. ಹ್ಯಾಂಡಲಿನ ಸಣ್ಣ ಲಿವರ್ ಒತ್ತಿ ಕುಳಿತರೆ ಸೀಟು ಇಳಿಯುತ್ತದೆ, ಮೈ ಎತ್ತಿ ಒತ್ತಿದರೆ ತಾನೇ ಮೇಲೇಳುತ್ತದೆ. 2022ರಲ್ಲಿ ಮತೇಯ್ ಮೊಹೊರಿಚ್ ಇದನ್ನು ರಸ್ತೆ ಸೈಕಲ್ಲಿಗೆ ಹಾಕಿಕೊಂಡು, ಪೊಜ್ಜೊ ಗುಡ್ಡದ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಮಿಲಾನ್–ಸ್ಯಾನ್ ರೆಮೊ ರೇಸು ಗೆದ್ದ.

ಸೀಟು ಎಷ್ಟು ಇಳಿಯುತ್ತದೋ ಅದಕ್ಕೆ 'ಟ್ರಾವೆಲ್' ಎನ್ನುತ್ತಾರೆ. 100, 125, 150, 170, 200 ಮಿಲಿಮೀಟರ್ ಹೀಗೆ ಬರುತ್ತದೆ. ನಾನು ಹೋದ ಅಂಗಡಿಯಲ್ಲಿ, "ಮೇಡಂ, ಹೆಚ್ಚಿದ್ದಷ್ಟೂ ಒಳ್ಳೆಯದು, ಕಡಿಮೆಯೆಂದರೂ 150 ಹಾಕಿಸಿ" ಎಂದರು. ಸೀರೆಯಾದರೆ ಹತ್ತು ಅಂಗಡಿ ಹತ್ತುವವಳು ಇಲ್ಲಿ ಮರುಮಾತಿಲ್ಲದೆ ಹಣ ಕೊಟ್ಟೆ. ನಮ್ಮ ತಿಂಗಳ ದಿನಸಿಗಿಂತ ಹೆಚ್ಚಿನ ಹಣ!

ಜೋಡಿಸಿದ ಮೇಲೆ ನೋಡಿದರೆ, ಪೋಸ್ಟನ್ನು ಪೂರ್ತಿ ಒಳಗೆ ತಳ್ಳಿದರೂ ಸೀಟು ನನಗೆ ಬೇಕಾದ್ದಕ್ಕಿಂತ ಎರಡು ಸೆಂಟಿಮೀಟರ್ ಎತ್ತರ. ಎರಡು ಸೆಂಟಿಮೀಟರ್ ತಾನೇ ಎಂದು ಒಂದು ವಾರ ಓಡಿಸಿದೆ. ತುಳಿದಾಗಲೆಲ್ಲ ಸೊಂಟ ಅತ್ತಿತ್ತ ವಾಲುತ್ತಿತ್ತು, ಮಂಡಿಯ ಹಿಂದೆ ಸೆಳೆತ. ಇವರು ಏನೂ ಹೇಳಲಿಲ್ಲ. ಹೇಳದಿರುವುದೇ ದೊಡ್ಡ ಮಾತಾಗಿತ್ತು.

ನಮ್ಮ ಗಲ್ಲಿಯಲ್ಲಿ ಪಂಕ್ಚರ್ ಹಾಕುವ ಚಾಚಾ ಇದ್ದಾರೆ. ಪಾವ್‌ವಾಲಾಗಳ ಸೈಕಲ್ಲೆಲ್ಲ ಅವರ ಕೈಯಲ್ಲೇ ರಿಪೇರಿ. ಡ್ರಾಪರನ್ನು ಅವರು ಅದೇ ಮೊದಲ ಸಲ ನೋಡಿದ್ದು. ಲಿವರ್ ಒತ್ತಿ ಎರಡು ಸಲ ಏರಿಸಿ ಇಳಿಸಿ ಮಗುವಿನಂತೆ ನಕ್ಕರು. ಆಮೇಲೆ ಹಿಂದಿಯಲ್ಲಿ ಕೇಳಿದರು: "ಬೇಟಿ, ದರ್ಜಿ ಬಟ್ಟೆ ಕತ್ತರಿಸುವ ಮೊದಲು ಅಳತೆ ತೆಗೆಯುತ್ತಾನಲ್ಲ. ನೀನು ಯಾರ ಅಳತೆಗೆ ತಂದೆ?"

ಆ ರಾತ್ರಿ ಅಳತೆ ತೆಗೆದೆವು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಕಾಲುಗಳ ನಡುವೆ ದಪ್ಪ ರಟ್ಟಿನ ಪುಸ್ತಕವನ್ನು ಬಿಗಿಯಾಗಿ ಹಿಡಿದು, ಅದರ ಮೇಲಂಚಿಗೆ ಗುರುತು ಹಾಕಬೇಕು. ಪೆನ್ಸಿಲ್ ಹಿಡಿಯಲು ಯಾರೂ ಇರಲಿಲ್ಲ. ಕೊನೆಗೆ ಎದ್ದು ಬಂದವರು ಅತ್ತೆ. "ನೆಟ್ಟಗೆ ನಿಲ್ಲು" ಎಂದು ಗದರಿಸಿ ಗೆರೆ ಎಳೆದರು. 71 ಸೆಂಟಿಮೀಟರ್. ಇದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ತಿರುಗುವ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಎತ್ತರದ ಅಂದಾಜು ಸಿಗುತ್ತದೆ. ನನಗೆ 62.7. ಸೀಟನ್ನು ಆ ಎತ್ತರಕ್ಕೆ ನಿಲ್ಲಿಸಲು ಹಳೆಯ ಮಾಮೂಲಿ ಕಂಬವನ್ನೇ ಮತ್ತೆ ಹಾಕಿದೆ.

ಮುಖ್ಯವಾದ ಅಳತೆ ಇದರ ನಂತರದ್ದು. ಫ್ರೇಮಿನ ಕೊಳವೆ ಮುಗಿಯುವ ಅಂಚಿನಿಂದ ಸೀಟಿನ ಕೆಳಗಿನ ಎರಡು ಕಂಬಿಗಳವರೆಗೆ ಎಷ್ಟಿದೆ ಎಂದು ನೋಡಬೇಕು. ನನ್ನದರಲ್ಲಿ 185 ಮಿ.ಮೀ. ಡ್ರಾಪರಿನ ಟ್ರಾವೆಲ್ ಮತ್ತು ಪೂರ್ತಿ ಇಳಿದ ಮೇಲೂ ಹೊರಗೆ ಉಳಿಯುವ ಅದರ ತಲೆಭಾಗ, ಈ ಎರಡೂ ಸೇರಿ ಅದರೊಳಗೇ ಹಿಡಿಸಬೇಕು. ನಾನು ತಂದದ್ದು 150, ತಲೆಭಾಗ 55, ಒಟ್ಟು 205. ನನ್ನ ಎರಡು ಸೆಂಟಿಮೀಟರಿನ ಗುಟ್ಟು ಅಲ್ಲಿತ್ತು. 125ರದ್ದರ ತಲೆಭಾಗ 50, ಒಟ್ಟು 175. ಹತ್ತು ಮಿ.ಮೀ. ಉಳಿಯುತ್ತದೆ, ದಪ್ಪ ಬೂಟು, ತೆಳು ಬೂಟಿಗೆ ತಕ್ಕಂತೆ ಸರಿಸಿಕೊಳ್ಳಬಹುದು.

ಇಲ್ಲಿಗೆ ಮುಗಿಯಲಿಲ್ಲ. ಪೋಸ್ಟಿನ ಕೆಳಭಾಗ ಕೊಳವೆಯೊಳಗೆ ಇಳಿಯಬೇಕಲ್ಲ? ಕೆಲವು ಫ್ರೇಮುಗಳಲ್ಲಿ ಕೊಳವೆ ನಡುವೆ ಬಾಗಿರುತ್ತದೆ, ಕೆಲವದರಲ್ಲಿ ಬಾಟಲಿ ಕಟ್ಟುವ ಬೋಲ್ಟು ಒಳಗೆ ಚಾಚಿರುತ್ತದೆ. ಚಾಚಾ ಒಂದು ಕಡ್ಡಿ ಇಳಿಸಿ ನೋಡಿದರು: 220 ಮಿ.ಮೀ. 125ರ ಪೋಸ್ಟು ತುದಿಯಿಂದ ತುದಿಗೆ 390. ಹೊರಗೆ 185 ಹೋದರೆ ಒಳಗೆ 205. ಕೇಬಲ್ ತಿರುಗಲು ಒಂದೂವರೆ ಸೆಂಟಿಮೀಟರ್ ಉಳಿಯಿತು. ಕೊನೆಗೆ ಪೋಸ್ಟಿನ ದಪ್ಪ. 30.9 ಮತ್ತು 31.6 ಕಣ್ಣಿಗೆ ಒಂದೇ. ಆದರೆ ದೊಡ್ಡ ಕೊಳವೆಗೆ ಸಣ್ಣ ಪೋಸ್ಟನ್ನು ತೆಳು ಪಟ್ಟಿ ಸುತ್ತಿ ಕೂರಿಸಬಹುದು, ಸಣ್ಣ ಕೊಳವೆಗೆ ದೊಡ್ಡದು ಇಳಿಯುವುದೇ ಇಲ್ಲ.

ಅಂಗಡಿಯವರು ಸ್ವಲ್ಪ ಹಣ ಮುರಿದುಕೊಂಡು ಬದಲಿಸಿಕೊಟ್ಟರು. "125 ತುಂಬಾ ಕಡಿಮೆ" ಎಂದು ಮತ್ತೆ ಹೇಳಿದರು. ಉದ್ದ ಕಾಲಿನವರಿಗೆ ಅದು ನಿಜವೇ. ಅವರ ಸೈಕಲ್ಲಿನಲ್ಲಿ 200 ಹಿಡಿಸುತ್ತದೆ, ಹಿಡಿಸುವಾಗ ಬಿಡಬೇಕೇಕೆ? ಹೆಚ್ಚು ಇಳಿದಷ್ಟೂ ಒಳ್ಳೆಯದು ಎನ್ನುವುದು ಸುಳ್ಳಲ್ಲ, ಆದರೆ ಅದು ನಮ್ಮ ಕಾಲು ಮುಗಿಯುವಲ್ಲಿಗೆ ಮುಗಿಯುತ್ತದೆ. ಮೊದಲು ತುಳಿಯುವ ಎತ್ತರ ಸರಿಯಾಗಬೇಕು. ಅದನ್ನು ಕೆಡಿಸದೆ ಎಷ್ಟು ಇಳಿಯುತ್ತದೋ ಅಷ್ಟೇ ನಮ್ಮ ಪಾಲಿನದು. ಎರಡು ಅಳತೆಯ ನಡುವೆ ಸಿಕ್ಕಿಕೊಂಡವರಿಗೆ ಒಂದು ಮಾತು: ಕೆಲವು ಪೋಸ್ಟುಗಳ ಒಳಗೆ ಸಣ್ಣ ತುಂಡು ಸೇರಿಸಿ 10 ಅಥವಾ 20 ಮಿ.ಮೀ. ಟ್ರಾವೆಲ್ ಕಡಿಮೆ ಮಾಡಲು ಬರುತ್ತದೆ. ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಜನವರಿಯಲ್ಲಿ ಮತ್ತೆ ಯೇವೂರಿಗೆ ಹೋದೆ. ಅದೇ ತಿರುವು. ಎದೆ ಡವಡವ. ಬಹಳ ಮುಂಚೆಯೇ ಲಿವರ್ ಒತ್ತಿ ಸೀಟು ಇಳಿಸಿದೆ. ಹಾಗಿದ್ದೂ ತಿರುವಿನಲ್ಲಿ ಹೆದರಿ ಬ್ರೇಕ್ ಹಿಡಿದುಬಿಟ್ಟೆ. ಸೈಕಲ್ ನಿಂತಿತು. ಎಡಗಾಲು ಕೆಳಗಿಟ್ಟೆ. ಬೆರಳುಗಳು ಮಣ್ಣಿಗೆ ತಾಗಿದವು, ಪೂರ್ತಿ ಪಾದವಲ್ಲ, ಬರೀ ಬೆರಳುಗಳು. ಸಾಕಾಯಿತು. ಉಸಿರೆಳೆದುಕೊಂಡು ಮುಂದೆ ಹೋದೆ.

ಮನೆಗೆ ಬಂದಾಗ ಅತ್ತೆ ಮೊದಲು ನೋಡಿದ್ದು ನನ್ನ ಮಣಿಕಟ್ಟನ್ನು. "ಬೀಳಲಿಲ್ಲವಲ್ಲ? ಸರಿ, ಕೈಕಾಲು ತೊಳೆದು ಬಾ, ನೀರುದೋಸೆ ಆರಿಹೋಗುತ್ತದೆ" ಎಂದರು. ದೀಪಾವಳಿಗೆ ಬಣ್ಣ ಬಳಿಯುವಾಗ ಆ ಪೆನ್ಸಿಲ್ ಗೆರೆಯನ್ನು ಅಳಿಸುವುದು ಬೇಡವೆಂದು ಹೇಳಿದವರೂ ಅವರೇ. ಮೊಮ್ಮಗ ಬೆಳೆದ ಗೆರೆಗಳ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಸೊಸೆಯ ಗೆರೆಯೂ ಇದೆ.