ಸ್ವರ್ಗದ ದಾರಿಯಲ್ಲಿ ಕೇಳಬೇಕಾದ ಮಾತು

ಚೆರ್ಕಳದಿಂದ ಕಲ್ಲಡ್ಕದತ್ತ ಸಾಗುವ ರಸ್ತೆ ಬದಿಯಡ್ಕವನ್ನು ದಾಟಿ ಪೆರ್ಲ ಪೇಟೆಯನ್ನು ತಲುಪುತ್ತದೆ. ಅಲ್ಲಿಂದ ಕವಲೊಡೆಯುವ ದಾರಿ ಅಡಿಕೆ ತೋಟಗಳನ್ನು ಬಳಸಿ, ಮುರಕಲ್ಲಿನ ಗುಡ್ಡಗಳನ್ನು ಏರಿ ಇಳಿದು ಕರ್ನಾಟಕದ ಗಡಿಯ ಕಡೆಗೆ ಮುಂದುವರಿಯುವಾಗ ನಡುವೆ ಸಿಗುವ ಊರಿನ ಹೆಸರು ಸ್ವರ್ಗ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಈ ಊರಿಗೆ ಆ ಹೆಸರು ಹೇಗೆ ಬಂದಿತೆಂದು ಹೊಸಬರು ಕೇಳುವುದುಂಟು. ಮಳೆಗಾಲ ಮುಗಿದ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋದವರು ಹಾಗೆ ಕೇಳಲಾರರು. ತೋಡುಗಳಲ್ಲಿ ತಿಳಿನೀರು ಹರಿಯುತ್ತಿರುತ್ತದೆ. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ಮಾಡಿದ ಸುರಂಗಗಳಿಂದ ಹನಿಹನಿಯಾಗಿ ಇಳಿದ ನೀರು ಮನೆಯಂಗಳದ ತೊಟ್ಟಿಗಳನ್ನು ತುಂಬುತ್ತಿರುತ್ತದೆ.

ಈ ಸೀಮೆಯ ಉಪಚಾರದ ರೀತಿಯೂ ಆ ನೀರಿನಂತೆಯೇ ಸದ್ದಿಲ್ಲದ್ದು. ಗುರುತಿಲ್ಲದವನು ಜಗಲಿ ಏರಿದರೂ ಮೊದಲು ಬರುವುದು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಅದನ್ನು ಬಂದವನ ಕೈಗೆ ತುರುಕುವುದಿಲ್ಲ, ಅವನೆದುರು ಇಡುತ್ತಾರೆ. ದಣಿವಾರಿದ ಮೇಲೆ ‘ಆಸರಿಂಗೆ ಎಂತ ಬೇಕು’ ಎಂಬ ಪ್ರಶ್ನೆ ಬರುತ್ತದೆ. ಮಜ್ಜಿಗೆಯೋ ಚಹಾವೋ, ಬೇಕೋ ಬೇಡವೋ ಎಂದು ನಿರ್ಧರಿಸುವವನು ಬಂದವನೇ.

ಹಳೆಯ ಕಾಲುದಾರಿಗಳ ಬದಿಯಲ್ಲಿ ಕೆಲವೆಡೆ ಉಳಿದಿರುವ ಹೊರೆಗಲ್ಲುಗಳೂ ಇದನ್ನೇ ಹೇಳುತ್ತವೆ. ಮಲಯಾಳದಲ್ಲಿ ಅತ್ತಾಣಿ ಎಂದು ಕರೆಯುವ ಈ ರಚನೆಯಲ್ಲಿ ನೆಟ್ಟ ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಮತ್ತೊಂದು ಕಲ್ಲಿರುತ್ತದೆ. ತಲೆಹೊರೆ ಹೊತ್ತು ಬಂದವನು ಯಾರ ಸಹಾಯವನ್ನೂ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಉಸಿರು ತೆಗೆದುಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗುತ್ತಿದ್ದ. ಕಲ್ಲು ನೆಡಿಸಿದವನಿಗೆ ಅವನ ಹೆಸರು ತಿಳಿಯದು, ಅವನಿಗೆ ನೆಡಿಸಿದವನ ಹೆಸರು ತಿಳಿಯದು. ಅಪರಿಚಿತನಿಗೆ ತೋರುವ ದಯೆಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಆದರೆ ಹೊರೆಗಲ್ಲಿನ ಈ ನೀತಿ ಕಠಿಣ ಪರೀಕ್ಷೆಗೆ ಒಳಗಾದದ್ದೂ ಇದೇ ಸ್ವರ್ಗದಲ್ಲಿ. ಜಿಲ್ಲೆಯ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಅದರ ಉದ್ದೇಶವಾಗಿತ್ತು. ತೋಟಗಳಿದ್ದದ್ದು ಗುಡ್ಡಗಳ ನೆತ್ತಿಯಲ್ಲಿ, ಮನೆಗಳಿದ್ದದ್ದು ಕೆಳಗಿನ ಕಣಿವೆಯಲ್ಲಿ. ಬಾವಿಗಾದರೂ ಮುಚ್ಚಳ ಹಾಕಬಹುದು; ಹರಿಯುವ ತೋಡಿಗೂ ಗುಡ್ಡದೊಳಗಿನ ಸುರಂಗಕ್ಕೂ ಹೊದಿಕೆ ಎಲ್ಲಿಂದ ತರುವುದು? ಬುದ್ಧಿಯ ಬೆಳವಣಿಗೆ ಕುಂಠಿತವಾದ, ಕೈಕಾಲು ಸ್ವಾಧೀನವಿಲ್ಲದ, ಅಪಸ್ಮಾರದಿಂದ ನರಳುವ ಮಕ್ಕಳು ಮನೆಮನೆಗಳಲ್ಲಿ ಕಾಣತೊಡಗಿದರು.

ಅವರಿಗೆ ಮೊದಲು ನೆರವಾದವರು ಗದ್ದಲ ಮಾಡಿದವರಲ್ಲ. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಈ ಬಗೆಯ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗಮನಿಸಿ, ಕಾರಣವೇನೆಂದು ಕೇಳುತ್ತ ಹೋದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದರು. ಜಿಲ್ಲೆಯ ದಕ್ಷಿಣದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆಯಾಜ್ಞೆ ಕೇಳಿದರು. ಆಕೆ ಬೇಡಿದ್ದು ಅನುಕಂಪವನ್ನಲ್ಲ, ಆಜ್ಞೆಯನ್ನು. ಚಿಕ್ಕದೊಂದು ನ್ಯಾಯಾಲಯದಲ್ಲಿ ಒಬ್ಬ ಮಹಿಳೆ ಹೂಡಿದ ದಾವೆ ದೊಡ್ಡ ತೋಟಗಳ ಮೇಲಿನ ಹೆಲಿಕಾಪ್ಟರನ್ನು ನೆಲದಲ್ಲಿಯೇ ನಿಲ್ಲಿಸಿತೆಂಬುದು ವಕೀಲಿ ವೃತ್ತಿಯವರಿಗೆಲ್ಲ ಅಭಿಮಾನದ ಸಂಗತಿ.

ಬಳಿಕ ಸ್ವರ್ಗದ ಹೆಸರು ದೇಶವಿದೇಶಗಳಿಗೆ ಹಬ್ಬಿತು. ಅಂಬಿಕಾಸುತನ್ ಮಾಙಾಡ್ ಅವರ ‘ಎನ್ಮಕಜೆ’ ಎಂಬ ಮಲಯಾಳ ಕಾದಂಬರಿಯೂ ಬಂತು. ದೂರದೂರದಿಂದ ವಾಹನಗಳು ಬರತೊಡಗಿದವು. ಬಂದವರ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಹಳೆಯ ಬಟ್ಟೆಯ ಗಂಟು, ಆಟಿಕೆ, ಜೊತೆಗೆ ಕ್ಯಾಮರಾ. ಬಹುಪಾಲು ಮಂದಿ ನಿಜವಾಗಿಯೂ ಮನ ಕರಗಿ ಬಂದವರು. ಅವರ ಕಣ್ಣೀರನ್ನು ಸಂಶಯಿಸಬೇಕಾಗಿಲ್ಲ. ಆದರೂ ಆ ಜಗಲಿಯನ್ನು ಇನ್ನೊಂದು ಕಡೆಯಿಂದ ನೋಡಬೇಕು. ಅಗಿಯಲಾರದ ಮಗುವಿಗೆ ಬಿಸ್ಕತ್ತು ಬಂದಿದೆ. ಗುರುತಿಲ್ಲದ ಮುಖಗಳನ್ನೂ ಗದ್ದಲವನ್ನೂ ಕಂಡರೆ ಬೆದರುವ ಮಗುವಿನ ಸುತ್ತ ಹತ್ತು ಜನ ನಿಂತಿದ್ದಾರೆ. ತಾಯಿ ಒಲೆಯ ಮೇಲಿಟ್ಟ ಗಂಜಿಯನ್ನು ಬಿಟ್ಟು, ನೂರು ಬಾರಿ ಹೇಳಿದ ಕಥೆಯನ್ನು ನೂರೊಂದನೆಯ ಬಾರಿ ಹೇಳಬೇಕು. ಒಮ್ಮೆ ತೆಗೆದ ಚಿತ್ರ ಮಗು ಬೆಳೆದರೂ, ತೀರಿಹೋದರೂ, ಊರೂರು ಸುತ್ತುತ್ತಲೇ ಇರುತ್ತದೆ.

ಇಷ್ಟಾದರೂ ಅವರು ಬೇಡವೆನ್ನುವುದಿಲ್ಲ. ಮನೆಗೆ ಬಂದವರನ್ನು ನೀರು ಬೆಲ್ಲ ಕೊಟ್ಟು ಕೂರಿಸಿದ ನಾಲಿಗೆಗೆ, ಉಪಕಾರಕ್ಕೆಂದು ಬಂದವರನ್ನು ಹೋಗಿ ಎನ್ನಲು ಬಾರದು. ಇವತ್ತು ಬೇಡವೆಂದರೆ ನಾಳೆ ನಿಜವಾಗಿ ಬೇಕಾದಾಗ ಯಾರೂ ಬಾರದೆ ಹೋದಾರೆಂಬ ಅಂಜಿಕೆಯೂ ಇರುತ್ತದೆ. ಕೊಡುವವನು ಈ ಮೌನವನ್ನು ಸಮ್ಮತಿಯೆಂದು ಓದಿಕೊಂಡು ತೃಪ್ತನಾಗಿ ಮರಳುತ್ತಾನೆ. ದಯೆಗೆ ಎದುರಾಗಿ ‘ಬೇಡ’ ಎನ್ನುವ ದಾರಿಯೇ ಇಲ್ಲದಾದಾಗ, ಅದು ಪಡೆಯುವವನ ತಲೆಯ ಮೇಲೆ ಇನ್ನೊಂದು ಹೊರೆಯಾಗುತ್ತದೆ.

ಹಾಗಾದರೆ ದೂರ ನಿಲ್ಲುವುದೇ ಲೇಸೆ? ಕಾನೂನು ಹಾಗೆ ಹೇಳುವುದಿಲ್ಲ. ಒಬ್ಬನ ಒಳಿತಿಗಾಗಿ ಅವನ ಸಮ್ಮತಿಯಿಲ್ಲದೆಯೇ ಸದ್ಭಾವದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುವ ನಿಯಮ 1860ರ ದಂಡಸಂಹಿತೆಯ 92ನೆಯ ಕಲಮಿನಲ್ಲಿತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮಿನಲ್ಲಿದೆ. ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಮಕ್ಕಳಿಗೂ ಹಿಡಿಸುವಂಥದು: ಹುಲಿಯೊಂದು ಒಬ್ಬನನ್ನು ಎಳೆದೊಯ್ಯುತ್ತಿದೆ, ಗುಂಡು ಅವನಿಗೇ ತಗಲಬಹುದೆಂದು ತಿಳಿದೂ ಇನ್ನೊಬ್ಬನು ಅವನನ್ನು ಉಳಿಸಲು ಹುಲಿಗೆ ಗುಂಡು ಹಾರಿಸುತ್ತಾನೆ. ಗುಂಡು ತಗಲಿ ಅವನು ಸತ್ತರೂ ಹಾರಿಸಿದವನು ಅಪರಾಧಿಯಲ್ಲ. ಆದರೆ ಈ ರಕ್ಷಣೆಗೆ ಒಂದು ಕಟ್ಟುಪಾಡಿದೆ. ಆ ಮನುಷ್ಯ ತನ್ನ ಸಮ್ಮತಿಯನ್ನು ಸೂಚಿಸಲಾಗದ ಸ್ಥಿತಿಯಲ್ಲಿರಬೇಕು. ಅಥವಾ ಸಮ್ಮತಿ ಕೊಡಲು ಅಸಮರ್ಥನಾಗಿದ್ದು, ಅವನ ಪರವಾಗಿ ಹೇಳುವ ಪೋಷಕರನ್ನು ಹೊತ್ತಿಗೆ ಸರಿಯಾಗಿ ಕೇಳಲು ಸಾಧ್ಯವಿಲ್ಲದಿರಬೇಕು. ಹುಲಿಯ ಬಾಯಲ್ಲಿದ್ದವನನ್ನು ಕೇಳುತ್ತ ನಿಲ್ಲಬಾರದು. ಜಗಲಿಯಲ್ಲಿ ಕುಳಿತವನನ್ನು ಕೇಳದೆ ಮುಂದುವರಿಯಬಾರದು.

ನೋಡುವುದಕ್ಕೆ ಸರಳವಾದ ಈ ವಿವೇಕವನ್ನು ನಾವು ಹಲವು ಬಾರಿ ತಿರುವುಮುರುವು ಮಾಡುತ್ತೇವೆ. ರಸ್ತೆಯಲ್ಲಿ ರಕ್ತ ಸುರಿಸುತ್ತ ಬಿದ್ದವನನ್ನು ಮುಟ್ಟಲು ಅಂಜುತ್ತೇವೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಅಂಥವರಿಗೆ ನೆರವಾಗುವವರನ್ನು ಕಾಪಾಡುತ್ತಿದ್ದರೂ ಹಿಂಜರಿಯುತ್ತೇವೆ. ಅದೇ ನಾವು, ರಸ್ತೆ ದಾಟಲು ಬಯಸದೆ ಬಸ್ಸಿಗೆ ಕಾಯುತ್ತ ನಿಂತ ಅಂಧನೊಬ್ಬನ ತೋಳನ್ನು ಕೇಳದೆ ಹಿಡಿದು ಎಳೆದೊಯ್ಯುತ್ತೇವೆ.

ಸ್ವರ್ಗದ ಮನೆಗಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅಲ್ಲಿನವರಿಗೆ ಸಲ್ಲಬೇಕಾದದ್ದರಲ್ಲಿ ಬಹುಪಾಲು ದಯೆಯಲ್ಲ, ಬಾಕಿ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿತು. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿಯೂ, ವಿಳಂಬಕ್ಕಾಗಿ ರಾಜ್ಯ ಸರ್ಕಾರವನ್ನು ಅದೇ ನ್ಯಾಯಾಲಯ ತರಾಟೆಗೆ ತೆಗೆದುಕೊಳ್ಳಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಘನತೆಯ ಬದುಕನ್ನು ಹಕ್ಕೆಂದು ಸಾರಿದೆ. ಬಾಕಿಯನ್ನು ಪಡೆಯಬೇಕಾದವನ ಕೈಯಲ್ಲಿ ಬಿಸ್ಕತ್ತನ್ನಿಟ್ಟು ಫೋಟೋ ತೆಗೆದರೆ, ನೋಡಿದವರ ಕಣ್ಣಿಗೆ ಅವನು ಹಕ್ಕುದಾರನಾಗಿ ಕಾಣದೆ ಬೇಡುವವನಾಗಿ ಕಾಣುತ್ತಾನೆ.

ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳಿಂದ ವಸ್ತುಗಳನ್ನು ಸಂಗ್ರಹಿಸಿ ಇಂಥ ಮನೆಗಳಿಗೆ ಕರೆದೊಯ್ಯುವ ಸದಾಶಯ ಆಗಾಗ ಮೂಡುವುದುಂಟು. ಅದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹೊರಡುವ ಮೊದಲು ಕೇಳೋಣ. ವಿಶೇಷ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳ ಶಿಕ್ಷಕರಿಗೆ ಪ್ರತಿಯೊಂದು ಮನೆಯ ಸ್ಥಿತಿಯೂ ಗೊತ್ತು. ಅವರ ಮೂಲಕ ವಿಚಾರಿಸಿದರೆ, ಒಂದು ಮನೆಗೆ ಬೇಕಾದದ್ದು ತಾಯಿ ಬ್ಯಾಂಕಿಗೆ ಹೋಗಿ ಬರುವಷ್ಟು ಹೊತ್ತು ಮಗುವಿನ ಬಳಿ ಕುಳಿತುಕೊಳ್ಳುವ ನೆರೆಯವರೆಂದು ತಿಳಿದೀತು. ಇನ್ನೊಂದು ಮನೆಗೆ ಆಸ್ಪತ್ರೆಯ ದಿನದಂದು ಒಂದು ವಾಹನ ಬೇಕಾಗಿರಬಹುದು. ಮತ್ತೊಂದು ಮನೆಗೆ ಯಾರೂ ಬಾರದಿರುವುದೇ ಬೇಕಾಗಿರಬಹುದು, ಅದನ್ನೂ ಗೌರವಿಸೋಣ.

ನಮ್ಮಿಂದಲೇ ಆಗಬಹುದಾದ ಕೆಲಸವೂ ಒಂದಿದೆ. ಕಚೇರಿಗಳಿಂದ ಬರುವ ಅರ್ಜಿ, ನೋಟೀಸುಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಅದನ್ನು ಓದಲಾರದ ಹಿರಿಯರು ನಮ್ಮ ಗಡಿನಾಡಿನಲ್ಲಿ ಎಷ್ಟೋ ಮಂದಿ. ಎರಡೂ ಭಾಷೆ ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಹಿರಿಯರ ಜೊತೆಗೆ ಹೋಗಿ, ‘ಓದಿ ಹೇಳಲೇ?’ ಎಂದು ಕೇಳಿ ಓದಿ ಹೇಳಿದರೆ, ಆ ಮನೆಯವರು ತಮ್ಮ ಹಕ್ಕನ್ನು ತಾವೇ ಕೇಳಿ ಪಡೆಯಬಲ್ಲರು. ಕಚೇರಿಯೊಡನೆ ಕನ್ನಡದಲ್ಲಿಯೇ ವ್ಯವಹರಿಸುವ ಅವಕಾಶವನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಕೊಟ್ಟಿದೆ ಎಂಬುದನ್ನೂ ಅವನು ತಿಳಿಸಲಿ. ಆ ಅವಕಾಶವನ್ನು ಬಳಸಿಕೊಂಡರೆ ಮುಂದೆ ಓದಿ ಹೇಳಲು ಅವನು ಬರಬೇಕಾಗದಿರಬಹುದು. ಅವನ ಉಪಕಾರ ಸಾರ್ಥಕವಾಗುವುದೂ ಆಗಲೇ.

ಮಕ್ಕಳಿಗೆ ಕೊಡುವುದನ್ನು ನಾವು ಚೆನ್ನಾಗಿಯೇ ಕಲಿಸಿದ್ದೇವೆ. ಕೊಡುವ ಮೊದಲು ಕೇಳುವುದನ್ನೂ, ಬೇಡವೆಂದಾಗ ಮುಖ ಬಾಡಿಸದೆ ಹಿಂದಿರುಗುವುದನ್ನೂ ಇನ್ನು ಕಲಿಸಬೇಕಾಗಿದೆ.