ಮುಖ ಯಾರ ಸೊತ್ತು?

ಖಾತೆ ಪುಸ್ತಕವನ್ನು ಬೀದಿಗೆ ಕಾಣುವಂತೆ ತೆರೆದಿಟ್ಟು ಯಾವ ವರ್ತಕನೂ ಊಟಕ್ಕೆ ಏಳುವುದಿಲ್ಲ. ಗಿರಾಕಿಯ ಬಾಕಿ ಎಷ್ಟೆಂಬುದು ಅವನಿಗೂ ನಮಗೂ ನಡುವಿನ ಮಾತು. ಇಷ್ಟು ಎಚ್ಚರವುಳ್ಳ ಮನೆತನಗಳೇ ಇಂದು ಮಕ್ಕಳ ಭಾವಚಿತ್ರಗಳನ್ನೂ ಹೊಸ ಮನೆಯ ಒಳಾಂಗಣವನ್ನೂ ಯಾತ್ರೆಗೆ ಹೊರಟ ದಿನವನ್ನೂ ಮೊಬೈಲಿನ ಮೂಲಕ ಅಪರಿಚಿತರ ಮುಂದೆ ಹರಡುತ್ತಿರುವುದನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಚಿತ್ರವೊಂದು ಕಣ್ಣಿಗೆ ತೋರುವುದಕ್ಕಿಂತ ಹೆಚ್ಚನ್ನು ಹೊತ್ತಿರುತ್ತದೆ. ಕ್ಯಾಮೆರಾದಲ್ಲಿ ಸ್ಥಳ ಗುರುತಿಸುವ ಸೌಲಭ್ಯ ತೆರೆದಿದ್ದರೆ ದಿನ, ವೇಳೆಗಳ ಜೊತೆಗೆ ಅಕ್ಷಾಂಶ ರೇಖಾಂಶಗಳೂ ಕಡತದೊಳಗೆ ದಾಖಲಾಗುತ್ತವೆ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಈ ವಿವರ ಕಳಚಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲ ಕಡತವೇ ಹೋಗುವುದರಿಂದ ಉಳಿಯುತ್ತದೆ. ಅದು ಕಳಚಿದರೂ ಸಮವಸ್ತ್ರದ ಮೇಲಿನ ಶಾಲೆಯ ಲಾಂಛನ, ಬೀದಿಯ ಫಲಕ, ವಾಹನದ ಸಂಖ್ಯೆಗಳು ಬರಿಗಣ್ಣಿಗೇ ಓದಸಿಗುತ್ತವೆ.

ಇವನ್ನು ಸಂಗ್ರಹಿಸುವವರಿದ್ದಾರೆಯೇ? ಇದ್ದಾರೆ. ಕ್ಲಿಯರ್‌ವ್ಯೂ ಎಂಬ ಅಮೆರಿಕದ ಸಂಸ್ಥೆ ಜಾಲತಾಣಗಳಿಂದ ೩೦೦ ಕೋಟಿಗೂ ಮಿಕ್ಕಿದ ಚಿತ್ರಗಳನ್ನು ಯಾರ ಒಪ್ಪಿಗೆಯನ್ನೂ ಪಡೆಯದೆ ಕಲೆಹಾಕಿ, ಮುಖದಿಂದ ಮನುಷ್ಯನನ್ನು ಗುರುತಿಸುವ ಸಾಧನವನ್ನು ಪೊಲೀಸರಿಗೆ ಒದಗಿಸುತ್ತಿದ್ದ ಸಂಗತಿಯನ್ನು ೨೦೨೦ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೊರಗೆಡಹಿತು. ಅಷ್ಟು ದೂರವೇಕೆ? ನಮ್ಮ ಪೇಟೆಯ ವರ್ತಕರೊಬ್ಬರ ಭಾವಚಿತ್ರವನ್ನು ಯಾರೋ ಬೇರೊಂದು ಸಂಖ್ಯೆಗೆ ಅಂಟಿಸಿಕೊಂಡು, ಅವರ ಹೆಸರಿನಲ್ಲಿ ಬಂಧುಗಳಿಂದ ಹಣ ಕೇಳಿದ್ದರು. ಇಂಥ ವಂಚನೆಯಲ್ಲಿ ಹಣ ಹೋದರೆ ತಡಮಾಡದೆ ೧೯೩೦ ಸಂಖ್ಯೆಗೆ ದೂರು ಕೊಡಬೇಕು.

ಕಾನೂನು ಕಾಪಾಡದೇ ಎಂದು ಕೇಳುವವರುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆದರೆ ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, ವ್ಯಕ್ತಿಯು ತಾನಾಗಿಯೇ ಬಹಿರಂಗಪಡಿಸಿದ ವಿವರಗಳಿಗೆ ಅನ್ವಯಿಸುವುದಿಲ್ಲ. ಮಕ್ಕಳ ವಿಷಯದಲ್ಲಿ ಆ ‘ವ್ಯಕ್ತಿ’ ಎಂಬ ಪದದೊಳಗೆ ತಂದೆತಾಯಿಗಳನ್ನೂ ಅದು ಸೇರಿಸಿಕೊಂಡಿದೆ. ಬೇಲಿಯನ್ನು ನಾವೇ ಕಿತ್ತ ಮೇಲೆ ಕಾವಲುಗಾರನನ್ನು ದೂರಿ ಫಲವೇನು?

ಈ ಪ್ರಶ್ನೆಯನ್ನು ನನಗಿಂತ ಸ್ಪಷ್ಟವಾಗಿ ಕೇಳಿದವಳು ಹನ್ನೆರಡು ವರ್ಷದ ನನ್ನ ಮೊಮ್ಮಗಳು. ಅವಳು ಜ್ವರದಿಂದ ಮಲಗಿದ್ದಾಗಿನ ಚಿತ್ರವನ್ನು ಬಂಧುವೊಬ್ಬರು ಮರುಕದಿಂದಲೇ ಹಂಚಿಕೊಂಡಿದ್ದರು. “ಅಜ್ಜಾ, ಮುಖ ನನ್ನದಲ್ಲವೇ? ನನ್ನನ್ನೇಕೆ ಕೇಳಲಿಲ್ಲ?” ಎಂದಳು. ಬಂಧುಗಳಿಗೆ ಹೇಳಿ ಚಿತ್ರವನ್ನು ತೆಗೆಸಿದೆವು. ಆದರೆ ಅಷ್ಟರಲ್ಲಿ ಅದು ಎಷ್ಟು ಕೈಗಳಿಗೆ ದಾಟಿತ್ತೋ, ಲೆಕ್ಕ ಹಾಕುವಂತಿರಲಿಲ್ಲ. ಕೊಟ್ಟ ಸಾಲವನ್ನು ವಸೂಲು ಮಾಡಬಹುದು. ಹಂಚಿದ ಚಿತ್ರವನ್ನು ಮರಳಿ ಪಡೆಯಲಾಗದು.

ಆದುದರಿಂದ ವಾಚಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಕ್ಯಾಮೆರಾದ ಸ್ಥಳ ಸೌಲಭ್ಯವನ್ನು ಮುಚ್ಚಿರಿ. ಪ್ರವಾಸದ ಚಿತ್ರಗಳನ್ನು ಮನೆಗೆ ಮರಳಿದ ಮೇಲೆ, ಬೇಕಾದವರಿಗೆ ಮಾತ್ರ ಕಳುಹಿಸಿರಿ. ಸಮಾರಂಭ ನಡೆಸುವ ಟ್ರಸ್ಟುಗಳು ಮಕ್ಕಳ ಚಿತ್ರಗಳನ್ನು ಪ್ರಕಟಿಸುವ ಮುನ್ನ ಹೆತ್ತವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲಿ. ತಿಳಿವಳಿಕೆ ಬಂದ ಮಗುವನ್ನು ಹೆತ್ತವರೂ ಒಮ್ಮೆ ಕೇಳಲಿ. ಅದು ಬೇಡವೆಂದರೆ ಆ ಮಾತಿಗೆ ಬೆಲೆ ಕೊಡಲಿ.